ನಾರು ಎದ್ದ ಬೇಸಿಗೆ

ಹೋಳಿಹುಣ್ಣಿಮೆ ಕಳೆದ ವಾರ ದೇವಕಮ್ಮನ ಎಡಗಾಲಿನ ಹರಡಿನ ಗಂಟಿನ ಮೇಲೆ ಒಂದು ಗುಳ್ಳೆ ಎದ್ದಿತು. ಹತ್ತಿಕಟ್ಟಿಗೆ ತರಚಿರಬೇಕು ಎಂದುಕೊಂಡು ಅವಳು ಅರಿಸಿನ ಹಚ್ಚಿ ಸುಮ್ಮನಾದಳು. ಮರುದಿನ ಗುಳ್ಳೆ ದೊಡ್ಡದಾಗಿ ಸುತ್ತಲೂ ಕೆಂಡ ಇಟ್ಟಂತೆ ಉರಿಯತೊಡಗಿತು. ರೊಟ್ಟಿ ಬಡಿಯುತ್ತಿದ್ದ ಅತ್ತೆ ಭೀಮವ್ವ ಹಿಟ್ಟಿನ ಕೈಯಲ್ಲೇ ಸೊಸೆಯ ಕಾಲನ್ನು ಬೆಳಕಿಗೆ ಎಳೆದು ನೋಡಿದಳು. ಮತ್ತೆ ಒಲೆಯ ಮುಂದೆ ಹೋಗಿ ಕುಳಿತಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದ ಮೇಲೆ, "ನಾರ ಐತಿ" ಎಂದಳು.

ಭೀಮವ್ವನಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಎರಡೂ ಕಾಲುಗಳಲ್ಲಿ, ಒಂದು ಮೊಣಕೈಯಲ್ಲಿ ಹಳೆಯ ನಾರುಹುಣ್ಣಿನ ಕಲೆಗಳಿದ್ದವು. ನಾರೆಂದರೆ ಹುಳ. ಕುಡಿಯುವ ನೀರಿನಲ್ಲಿ ಕಣ್ಣಿಗೆ ಕಾಣದಂತೆ ಹೊಟ್ಟೆಗೆ ಹೋಗಿ, ಮೈಯೊಳಗೆ ದಾರದಂತೆ ಉದ್ದವಾಗಿ ಬೆಳೆದು, ಬರುವ ಬೇಸಿಗೆಯ ಹೊತ್ತಿಗೆ ಕಾಲಿನ ಚರ್ಮ ಒಡೆದುಕೊಂಡು ಹೊರಬರುವ ಬಿಳಿಯ ಹುಳ. ಹುಣ್ಣಿನ ಕಾಲನ್ನು ನೀರಿಗೆ ಇಟ್ಟರೆ ಅದು ಆ ನೀರಿನಲ್ಲಿ ಮರಿ ಬಿಡುತ್ತದೆ, ಕುಡಿದವರಿಗೆ ಮತ್ತೆ ನಾರು. ಅದರ ತುದಿ ಕಂಡ ಮೇಲೆ ಕಸಬರಿಗೆಯ ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲದಷ್ಟು ಎಳೆಯುತ್ತ ಹೋಗಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹರಿದರೆ ಒಳಗುಳಿದದ್ದು ಕೊಳೆತು ಕಾಲು ಬಾತು ಕೀವು ತುಂಬುತ್ತದೆ. ಅಲ್ಲಿಯತನಕ ನಡೆಯಲು ಬಾರದು, ಕುಕ್ಕರುಗಾಲಲ್ಲಿ ಕೂರಲು ಬಾರದು, ಮಲಗಿದರೆ ನಿದ್ದೆ ಬಾರದು.

ದೇವಕಮ್ಮನಿಗೆ ನೋವಿಗಿಂತ ಮೊದಲು ನಾಚಿಕೆಯಾಯಿತು. ಅವಳು ಯರದಿನ್ನಿಯ ಅಂಗನವಾಡಿ ಟೀಚರು. ಕೆಂಭಾವಿಯ ದವಾಖಾನೆಯಿಂದ ಸೈಕಲ್ ಮೇಲೆ ಬರುತ್ತಿದ್ದ ಆರೋಗ್ಯ ಸಹಾಯಕ ಈಶಪ್ಪ ಬಾವಿಗೆ ಔಷಧ ಹಾಕಿ ಹೋಗುವಾಗಲೆಲ್ಲ, ನೀರು ಸೋಸುವ ಬಟ್ಟೆಗಳನ್ನು ಅವಳ ಕೈಗೇ ಕೊಟ್ಟು ಹೋಗುತ್ತಿದ್ದ. ಬಾವಿಯ ಮೆಟ್ಟಿಲ ಮೇಲೆ ನಿಂತು, ಕೊಡದ ಬಾಯಿಗೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿರೆಂದು, ನಾರೆದ್ದ ಕಾಲನ್ನು ನೀರಿಗೆ ಇಡಬೇಡಿರೆಂದು ಹೆಂಗಸರಿಗೆ ಹೇಳಿ ಹೇಳಿ ಅವಳ ಗಂಟಲು ಕಟ್ಟಿತ್ತು. ಈಗ ಅವಳ ಕಾಲಿಗೇ ಬಂದಿತ್ತು. ಸುದ್ದಿ ಕೇರಿಯಲ್ಲಿ ಹಬ್ಬಲು ಸಂಜೆಯಾಗಲಿಲ್ಲ. ನೀರಿಗೆ ಬಂದ ಹೆಂಗಸರು ಬಾಗಿಲಲ್ಲಿ ಇಣುಕಿ, ಬಟ್ಟೆ ಕಟ್ಟಿದರೂ ಬರುವುದು ಬಂತಲ್ಲ ಎಂದು ಹೋದರು. ಇದು ಹೋದ ವರ್ಷ, ಬಟ್ಟೆ ಬರುವ ಮುಂಚೆ ಕುಡಿದ ನೀರಿನದು ಎಂದು ದೇವಕಮ್ಮ ಹೇಳಿದಳು. ಕೆಲವರು ತಲೆಯಾಡಿಸಿದರು. ಒಬ್ಬರೂ ನಂಬಿದಂತೆ ಕಾಣಲಿಲ್ಲ.

ಆ ಬಾವಿ ಕೇರಿಯವರದು. ಹಳ್ಳದ ದಂಡೆಯಲ್ಲಿದ್ದ ಹಳೆಯ ಮೆಟ್ಟಿಲ ಬಾವಿ. ಬೇಸಿಗೆಯಲ್ಲಿ ನೀರು ತಳ ಹಿಡಿದಾಗ ಮೊಣಕಾಲತನಕ ಇಳಿದೇ ಕೊಡ ತುಂಬಬೇಕು. ಊರ ನಡುವೆ ಗಡಗಡೆ ಹಾಕಿ ಹಗ್ಗದಲ್ಲಿ ಸೇದುವ ಇನ್ನೊಂದು ಬಾವಿ ಇತ್ತು. ಅದರ ಕಟ್ಟೆ ಹತ್ತಲು ಕೇರಿಯವರಿಗೆ ಬಿಡುತ್ತಿರಲಿಲ್ಲ. ಆ ಬಾವಿಯ ನೀರು ಕುಡಿಯುವ ಮನೆಗಳಲ್ಲಿ ನಾರು ಎದ್ದದ್ದು ಬಹಳ ಕಡಿಮೆ. ಅಲ್ಲಿ ಯಾರೂ ಕಾಲನ್ನು ನೀರಿಗೆ ಇಡುತ್ತಿರಲಿಲ್ಲವಲ್ಲ. ಊರವರು ಮಾತ್ರ ಇದನ್ನು ಸ್ವಚ್ಛತೆಯ ಮಾತು ಮಾಡಿ ಕೇರಿಯವರ ಮೇಲೇ ಹಾಕುತ್ತಿದ್ದರು.

ಆ ಬೇಸಿಗೆಯಲ್ಲಿ ಕೇರಿಯ ಮನೆ ಮನೆಯಲ್ಲೂ ಒಬ್ಬರಲ್ಲ ಒಬ್ಬರು ಮಲಗಿದ್ದರು. ಕಾಲುವೆ ತೋಡುವ ಕೆಲಸ ಹತ್ತಿರದಲ್ಲೇ ನಡೆದಿತ್ತು. ಇಷ್ಟು ವರ್ಷ ದುಡಿಮೆ ಹುಡುಕಿಕೊಂಡು ದೂರ ಹೋಗುತ್ತಿದ್ದ ಹೆಂಗಸರಿಗೆ ಬುಟ್ಟಿ ಹೊರುವ ಕೂಲಿ ಮನೆಯ ಬಾಗಿಲಿಗೆ ಬಂದಿತ್ತು. ಈಗ ಕಾಲಿಲ್ಲ. ಮೇಸ್ತ್ರಿ ಬೆಳಿಗ್ಗೆ ಕೇರಿಯ ಬಾಯಲ್ಲಿ ನಿಂತು ಕೂಗಿ ಕೂಗಿ, ಕಡೆಗೆ ಬೇರೆ ಊರಿನ ಆಳುಗಳನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬರತೊಡಗಿದ. ತಾಯಿ ಮಲಗಿದ ಮನೆಯಲ್ಲಿ ಹೆಣ್ಣುಮಕ್ಕಳು ಸಾಲಿ ಬಿಟ್ಟು ಕೊಡ ಹೊತ್ತವು. ಸಣ್ಣವು ಅಂಗನವಾಡಿಯಲ್ಲಿ ಕೊಡುವ ಗೋಧಿನುಚ್ಚಿನ ಉಪ್ಪಿಟ್ಟಿಗೆ ತಟ್ಟೆ ಹಿಡಿದು ಬೆಳಗಾಗುವುದರೊಳಗೇ ಬಂದು ಕೂರುತ್ತಿದ್ದವು. ಎಷ್ಟೋ ಮನೆಗಳಲ್ಲಿ ಬಿಸಿಯಾದ ಊಟವೆಂದರೆ ಅದೊಂದೇ.

ದೇವಕಮ್ಮ ಆ ಕೆಲಸಕ್ಕೆ ಸೇರಿ ಎರಡು ವರ್ಷವಾಗುತ್ತ ಬಂದಿತ್ತು. ತವರು ಹುಣಸಗಿಯ ಕಡೆ. ಏಳನೆಯ ಇಯತ್ತೆ ಮುಗಿಸಿದ ಮೇಲೆ ಮದುವೆಯಾಗಿ ಇಲ್ಲಿಗೆ ಬಂದಿದ್ದಳು. ಗಂಡ ಹುಲಗಪ್ಪ ಗುತ್ತಿಗೆದಾರನ ತಂಡದೊಂದಿಗೆ ಕಾಲುವೆ ಎಲ್ಲಿ ಹೋದರೆ ಅಲ್ಲಿಗೆ ಹೋಗುವವನು, ಅಮಾವಾಸ್ಯೆಗೊಮ್ಮೆ ಮನೆಗೆ ಬರುವವನು. ಮೆಟ್ರಿಕ್ ಪಾಸಾದ ಹೆಂಗಸು ಊರಲ್ಲಿ ಯಾರೂ ಇಲ್ಲದ್ದರಿಂದ ಅವಳನ್ನು ತಾತ್ಕಾಲಿಕ ಎಂದು ತೆಗೆದುಕೊಂಡಿದ್ದರು. ಈಗ ಪಂಚಾಯ್ತಿ ಮೆಂಬರ್ ಗುರಪ್ಪನ ಮನೆಗೆ ಮೆಟ್ರಿಕ್ ಪಾಸಾದ ಸೊಸೆ ಬಂದಿದ್ದಳು. ಅಂಗನವಾಡಿಯನ್ನು ಚಾವಡಿಯಿಂದ ತನ್ನ ಓಣಿಗೆ ಒಯ್ಯಬೇಕೆಂದು ಗುರಪ್ಪ ಒಂದು ವರ್ಷದಿಂದ ಹೇಳುತ್ತಲೇ ಇದ್ದ. ಸುರಪುರದಿಂದ ಬರುವ ಮೇಲ್ವಿಚಾರಕಿ ಸಾಯಬಮ್ಮ ದೇವಕಮ್ಮನಿಗೆ ಒಂದೇ ಮಾತು ಹೇಳಿದ್ದಳು: ಮೆಟ್ರಿಕ್ ಕಟ್ಟು, ಪಾಸಾಗು, ಆಮೇಲೆ ನಿನ್ನನ್ನು ಎಬ್ಬಿಸುವುದು ಅಷ್ಟು ಸುಲಭವಲ್ಲ.

ದೇವಕಮ್ಮ ಕಟ್ಟಿದ್ದಳು. ಗಂಡ ತಂದುಕೊಟ್ಟ, ಹೈಸ್ಕೂಲಿನ ಹುಡುಗರ ಹಳೆಯ ಪುಸ್ತಕ ಹಿಡಿದು, ಮಕ್ಕಳು ಉಪ್ಪಿಟ್ಟು ತಿಂದು ಮಲಗಿದ ಹೊತ್ತಿನಲ್ಲಿ ಚಾವಡಿಯ ಕಂಬಕ್ಕೆ ಒರಗಿ ಓದಿದ್ದಳು. ಇತಿಹಾಸ, ಕನ್ನಡ ತಾನಾಗಿ ತಲೆಗೆ ಹೋಗುತ್ತಿತ್ತು. ಗಣಿತವನ್ನು ಕೇಳಲು ಯಾರೂ ಇರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಾರು ಎದ್ದಿತು.

ಕಾಲಿಗೆ ಬಟ್ಟೆ ಸುತ್ತಿಕೊಂಡು ಕೋಲು ಹಿಡಿದು ಅವಳು ಎರಡು ದಿನ ಚಾವಡಿಗೆ ಹೋದಳು. ಮೂರನೆಯ ದಿನ ಒಲೆ ಹೊತ್ತಿಸಲು ಬಗ್ಗಿದವಳು ಏಳಲಾರದೆ ಅಲ್ಲೇ ಕುಳಿತಳು. ಸಹಾಯಕಿ ಅಯ್ಯಮ್ಮನಿಗೆ ಮೊಣಕಾಲಿನಲ್ಲೇ ನಾರೆದ್ದು ಅವಳು ಆಗಲೇ ಹಾಸಿಗೆ ಹಿಡಿದಿದ್ದಳು. ಮಕ್ಕಳು ತಟ್ಟೆ ಬಡಿಯುತ್ತ ಕುಳಿತಿದ್ದವು. ಕಾಲುವೆಯ ಕೆಲಸಕ್ಕೆ ಬುಟ್ಟಿ ಹಿಡಿದು ಹೊರಟಿದ್ದ ಮರಿಲಿಂಗಮ್ಮ ತನ್ನ ಮಗಳನ್ನು ಬಿಡಲು ಬಂದವಳು ಇದನ್ನು ನೋಡಿದಳು. ದೇವಕಮ್ಮನ ಓರಗೆಯವಳು, ಪಕ್ಕದ ಮನೆಯವಳು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಅವಳು ಬುಟ್ಟಿಯನ್ನು ಗೋಡೆಗೆ ಒರಗಿಸಿ, ಒಲೆಗೆ ಕಟ್ಟಿಗೆ ಇಟ್ಟಳು. ಮಕ್ಕಳು ತಿಂದಾದ ಮೇಲೆ ದೇವಕಮ್ಮನ ರಟ್ಟೆ ಹಿಡಿದು ಮನೆಗೆ ಕರೆತಂದಳು.

"ನಾಳಿಂದ ನೀ ಬರಬ್ಯಾಡ. ಕುಂತು ಓದ್ಕೋ" ಎಂದಳು. "ಹುಡುಗರನ್ನ ನಾ ನೋಡ್ತೀನಿ."

"ನಿನ್ನ ಕೂಲಿ?"

"ಕಾಲುವಿ ಎಲ್ಲಿ ಓಡಿ ಹೋಗ್ತೈತಿ. ಮಣ್ಣು ಅಲ್ಲೇ ಇರ್ತೈತಿ."

ಅದು ಅಷ್ಟು ಹಗುರಾದ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮೇಸ್ತ್ರಿ ಒಮ್ಮೆ ಬಿಟ್ಟವರನ್ನು ಮತ್ತೆ ಕರೆಯುವವನಲ್ಲ. ಮರಿಲಿಂಗಮ್ಮನ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಬೇಡ ಎನ್ನಬೇಕೆಂದಿದ್ದ ದೇವಕಮ್ಮ ಹೂಂ ಎಂದಳು. ಚಾವಡಿಯ ಬಾಗಿಲು ನಾಲ್ಕು ದಿನ ಮುಚ್ಚಿದರೆ ಗುರಪ್ಪ ಸುರಪುರಕ್ಕೆ ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಆ ರಾತ್ರಿ ಕಾಲಿನ ಉರಿಗಿಂತ, ಬೇಡ ಎನ್ನದೆ ಇದ್ದದ್ದೇ ಅವಳನ್ನು ಹೆಚ್ಚು ಕೊರೆಯಿತು.

ಮರುದಿನದಿಂದ ಕೇರಿಯ ಹೆಂಗಸರು ತಮ್ಮತಮ್ಮಲ್ಲೇ ಒಂದು ಏರ್ಪಾಡು ಮಾಡಿಕೊಂಡರು. ಯಾರೂ ಕೂಡಿ ಕುಳಿತು ಮಾತಾಡಲಿಲ್ಲ. ಮರಿಲಿಂಗಮ್ಮ ಚಾವಡಿ ಹಿಡಿದಳು. ಕಾಲುವೆಗೆ ಹೋಗುವವರು ಸಂಜೆ ಬರುವಾಗ ಅವಳ ಮನೆಗೆ ಒಂದೊಂದು ಹಿಡಿ ಜೋಳ, ಎರಡು ಕಟ್ಟಿಗೆ ಹಾಕಿ ಹೋಗತೊಡಗಿದರು. ನಾರು ಎದ್ದು ವಾಸಿಯಾಗುತ್ತಿದ್ದ ಮುದುಕಿಯರಿಬ್ಬರು ಕೂತಲ್ಲೇ ಹಿಟ್ಟು ಜರಡಿ ಹಿಡಿದು ಕೊಟ್ಟರು. ಭೀಮವ್ವ ಬಾವಿಯ ಮೇಲಿನ ಮೆಟ್ಟಿಲಿನಲ್ಲಿ ಹೋಗಿ ಕುಳಿತಳು. ಹುಣ್ಣಿನ ಕಾಲಿನವರು ಬಂದರೆ, ಅಲ್ಲೇ ನಿಲ್ಲಿಸಿ, ಗಟ್ಟಿ ಕಾಲಿನವರಿಂದ ಅವರ ಕೊಡ ತುಂಬಿಸಿ ಕೊಡುತ್ತಿದ್ದಳು. ಉರಿ ತಾಳಲಾರದೆ ನೀರಿಗೆ ಕಾಲಿಡಲು ಬಂದವರನ್ನು ಗದರಿಸಿ ಓಡಿಸುತ್ತಿದ್ದಳು. ಸೊಸೆ ವರ್ಷವಿಡೀ ಹೇಳಿದರೂ ಕೇಳದವರು ಅವಳ ಬೈಗುಳಕ್ಕೆ ಹೆದರಿದರು.

"ಹೋದ ವರ್ಷ ಕುಡದದ್ದು ಈ ವರ್ಷ ಎದ್ದೈತಿ" ಎಂದು ಒಂದು ದಿನ ಮನೆಗೆ ಬಂದು ಭೀಮವ್ವ ಗೋಡೆಗೆ ಒರಗಿ ಹೇಳಿದಳು. "ಮುಂದಿನ ವರ್ಷದ್ದು ಈಗ ಕುಡಿಯಾಕತ್ತೀವಿ ಅಂತಿದ್ದಿಯಲ್ಲ ನೀ. ಇಷ್ಟು ದಿನಾ ನಾನೂ ನಂಬಿದ್ದಿಲ್ಲ."

"ಈಗ ನಂಬ್ತೀಯೇನು, ಅತ್ತಿ?"

"ನಂಬಿ ಏನ್ ಮಾಡ್ಲಿ. ಕುಂದ್ರಾಕ ಹೇಳಿದಿ, ಕುಂತೀನಿ."

ಗುರಪ್ಪ ತಡ ಮಾಡಲಿಲ್ಲ. ಟೀಚರ್ ಮಲಗಿದ್ದಾಳೆ, ಬುಟ್ಟಿ ಹೊರುವವಳು ಸಾಲಿ ನಡೆಸುತ್ತಿದ್ದಾಳೆ ಎಂದು ಅವನು ಸುರಪುರದ ಕಚೇರಿಗೆ ಹೋಗಿ ತಕರಾರು ಹೇಳಿಬಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಒಂದು ಮಧ್ಯಾಹ್ನ ಸಾಯಬಮ್ಮ ಬಸ್ಸಿಳಿದು, ರಸ್ತೆಯಿಂದ ಊರತನಕ ಬಿಸಿಲಲ್ಲಿ ನಡೆದು ಬಂದಳು. ನಲವತ್ತರ ಹತ್ತಿರದ, ಒಂಟಿಯಾಗಿ ಇರುವ ಹೆಂಗಸು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ. ಮೊದಲು ಚಾವಡಿಗೆ ಹೋದಳು. ಮಕ್ಕಳು ಸಾಲಾಗಿ ಕೂತು ಉಣ್ಣುತ್ತಿದ್ದವು. ಮರಿಲಿಂಗಮ್ಮ ಎದ್ದು ನಿಂತು, ಹೆದರಿಕೆಯಿಂದ ಕೈಯಲ್ಲಿದ್ದ ಸೌಟನ್ನು ಹಿಂದಕ್ಕೆ ಅಡಗಿಸಿಕೊಂಡಳು. ಸಾಯಬಮ್ಮ ಒಂದು ಗಳಿಗೆ ನಿಂತು, ಒಂದು ತುತ್ತು ಬಾಯಿಗೆ ಹಾಕಿ ನೋಡಿ, ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿದೆ ಎಂದಷ್ಟೇ ಹೇಳಿ ದೇವಕಮ್ಮನ ಮನೆಗೆ ಬಂದಳು.

ದೇವಕಮ್ಮ ಎದ್ದು ಕೂರಲು ನೋಡಿದಳು. ಸಾಯಬಮ್ಮ ಬೇಡವೆಂದು ಕೈ ಮಾಡಿ, ಹೊಸ್ತಿಲ ಒಳಗೆ ನೆಲದ ಮೇಲೆಯೇ ಕುಳಿತು, ಭೀಮವ್ವ ಕೊಟ್ಟ ನೀರನ್ನು ಕುಡಿದಳು. ಕುಡಿಯುವ ಮೊದಲು ಸೋಸಿದ್ದೀರಾ ಎಂದು ಕೇಳಿದಳು. ಕೆಂಭಾವಿಯಿಂದ ಈಚೆಗೆ ತನ್ನ ಕೈಕೆಳಗಿನ ಊರುಗಳಲ್ಲಿ ಅರ್ಧದಷ್ಟು ಅಂಗನವಾಡಿಗಳು ಬಾಗಿಲು ಮುಚ್ಚಿವೆ, ಟೀಚರುಗಳೆಲ್ಲ ಮಲಗಿದ್ದಾರೆ ಎಂದಳು. ದಿನಾ ನಡೆದು ನಡೆದು ತನಗೂ ಸಾಕಾಗಿದೆ ಎಂದಳು.

"ನನ್ನ ತೆಗೀತೀರೇನ್ರಿ ಬಾಯಾರ?" ಎಂದು ದೇವಕಮ್ಮ ಕೇಳಿಯೇಬಿಟ್ಟಳು.

"ಟೀಚರ್ ಮಲಗ್ಯಾಳ, ಬುಟ್ಟಿ ಹೊರಾಕಿ ಸಾಲಿ ನಡಸ್ತಾಳಂತ ತಕರಾರು ಬಂದಿತ್ತು. ನಾ ಕಣ್ಣಾರೆ ನೋಡೀನಿ, ನಡದೈತಿ. ನಡದೈತಿ ಅಂತ ಬರೀತೀನಿ. ಆಕಿ ಯಾರು ಅಂತ ಕೇಳಿದ್ರ, ಅಯ್ಯಮ್ಮನ ಬದಲಿ ಅಂತೀನಿ." ಸಾಯಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಅದನ್ನ ಬಿಡು. ಪರೀಕ್ಷಾಕ್ಕ ಹ್ಯಾಂಗ ಬರ್ತಿ?"

ಈ ವರ್ಷ ಆಗುವುದಿಲ್ಲವೆಂದು ದೇವಕಮ್ಮ ಹೇಳಿದಳು. ಗುಳ್ಳೆ ಒಡೆದು ಹುಳ ಬರತೊಡಗಿದೆ, ಇನ್ನೂ ಅರ್ಧವೂ ಬಂದಿಲ್ಲ, ಸುರಪುರದಲ್ಲಿ ಇರಲು ಗೊತ್ತಿನವರೂ ಇಲ್ಲ.

"ಮುಂದಿನ ವರ್ಷ ಬರಿಯಬಹುದು. ಆದ್ರ ಮುಂದಿನ ವರ್ಷ ಈ ಕುರ್ಚಿ ಮ್ಯಾಲ ನಾನ ಇರ್ತೀನಿ ಅಂತ ಹೇಳಾಕ ಬರಂಗಿಲ್ಲ." ಕೊಡೆ ಕೈಗೆತ್ತಿಕೊಂಡು, "ನನ್ನ ಕೋಲಿ ಐತಿ. ಸಣ್ಣದು. ನೀ, ನಿಮ್ಮ ಅತ್ತಿ, ನಾನು, ಮೂರು ಮಂದಿ ಮಲಗಬಹುದು" ಎಂದಳು.

ಹುಲಗಪ್ಪ ಅಮಾವಾಸ್ಯೆಗೆ ಮನೆಗೆ ಬಂದವನು ಇದನ್ನು ಕೇಳಿ ಒಪ್ಪಲಿಲ್ಲ. ಅವನು ಹೆಂಡತಿಯ ಓದಿಗೆ ಅಡ್ಡ ಬಂದವನಲ್ಲ. ಪುಸ್ತಕಗಳನ್ನು ತಂದುಕೊಟ್ಟವನೇ ಅವನು. ಆದರೆ ಅವನ ತಂಡದಲ್ಲಿ ನಾರು ಹರಿದು ಕಾಲು ಸೊಟ್ಟಾದ ಒಬ್ಬ ಆಳು ಇದ್ದ. ಬಸ್ಸಿನ ಗದ್ದಲದಲ್ಲಿ ಹುಳ ಹರಿದರೆ ನೌಕರಿ ಯಾರಿಗೆ ಬೇಕು ಎಂದು ಕೇಳಿದ. ದೇವಕಮ್ಮನಿಗೂ ಅದೇ ಭಯವಿತ್ತು. ಕಡೆಗೆ ಭೀಮವ್ವ ಮೂಲೆಯಿಂದ, ತಾನು ಜೊತೆಗೆ ಹೋಗುತ್ತೇನೆ, ಕಡ್ಡಿ ಸುತ್ತುವುದು ತನ್ನ ಕೆಲಸ, ಇಷ್ಟು ದಿನ ಓದಿ ಮನೆಯಲ್ಲಿ ಬಿದ್ದುಕೊಳ್ಳುವುದು ಬೇಡ ಎಂದಳು. ಅವನು ಬೆಳಿಗ್ಗೆ ಎದ್ದು ಯಾರದೋ ಬಂಡಿ ಕೇಳಿ ತಂದು, ಅದಕ್ಕೆ ಹುಲ್ಲು ಹಾಸಿ ಹೆಂಡತಿಯನ್ನು ಎತ್ತಿ ಮಲಗಿಸಿದ.

ಬಂಡಿಯಲ್ಲಿ ಏನೂ ಆಗಲಿಲ್ಲ. ಬಸ್ಸಿನಲ್ಲಿ ಆಯಿತು. ಸಂತೆಯ ದಿನವಾದ್ದರಿಂದ ನಿಲ್ಲಲು ಜಾಗವಿರಲಿಲ್ಲ. ಯಾರೋ ಪುಣ್ಯಾತ್ಮ ಎದ್ದು ಸೀಟು ಕೊಟ್ಟ. ದೇವಕಮ್ಮ ಕಾಲನ್ನು ಚಾಚಿ ಕುಳಿತಿದ್ದಳು. ಭೀಮವ್ವ ಅದರ ಮುಂದೆ ಅಡ್ಡಲಾಗಿ ನಿಂತಿದ್ದಳು. ಮುಂದೆ ಎಲ್ಲೋ ಎಮ್ಮೆ ಅಡ್ಡ ಬಂದು ಬ್ರೇಕು ಬಿದ್ದಾಗ ಮೆಣಸಿನಕಾಯಿ ಚೀಲವೊಂದು ಜಾರಿ ದೇವಕಮ್ಮನ ಕಾಲಿನ ಮೇಲೆ ಬಂತು. ಅವಳು ಮುಂದಿನ ಸೀಟಿಗೆ ಹಣೆ ಒತ್ತಿದಳು. ಭೀಮವ್ವ ಬಗ್ಗಿ ಬಟ್ಟೆ ಬಿಚ್ಚಿ ನೋಡಿದಳು. ಕಡ್ಡಿ ಅವಳ ಕೈಗೆ ಬಂತು. ಕಡ್ಡಿಗೆ ಸುತ್ತಿದ ಹುಳದ ತುದಿ ಹರಿದಿತ್ತು.

"ಹರೀತೇನು?" ಎಂದು ದೇವಕಮ್ಮ ತಲೆ ಎತ್ತದೆ ಕೇಳಿದಳು.

"ಹ್ಞೂಂ" ಎಂದಳು ಭೀಮವ್ವ. ಬಟ್ಟೆಯನ್ನು ಮತ್ತೆ ಸುತ್ತಿ, ಸುರಪುರ ಬರುವತನಕ ಆ ಕಾಲಿಗೆ ಅಡ್ಡಲಾಗಿ ನಿಂತಳು.

ಸಾಯಬಮ್ಮನ ಕೋಲಿ ಒಂದು ದೊಡ್ಡ ಮನೆಯ ಹಿಂಭಾಗದಲ್ಲಿತ್ತು. ಅಂಗಳದಲ್ಲಿ ಸೇದುವ ಬಾವಿ. ದೇವಕಮ್ಮ ನಾರುಹುಣ್ಣಿನವಳೆಂದು ತಿಳಿದು ಮನೆಯೊಡತಿ ಬಾಗಿಲಲ್ಲೇ ನಿಂತಳು. ಯಾರ ಪೈಕಿ ಎಂದೂ ಕೇಳಿದಳು. ನಮ್ಮ ಟೀಚರು ಎಂದು ಸಾಯಬಮ್ಮ ಹೇಳಿದಳು. ಬಾವಿ ಕೆಡುತ್ತದೆ, ಮಕ್ಕಳಿರುವ ಮನೆ ಎಂದು ಒಡತಿ ಹಿಡಿದ ಪಟ್ಟು ಬಿಡಲಿಲ್ಲ. ದೇವಕಮ್ಮ ಗೋಡೆ ಹಿಡಿದು ನಿಂತಲ್ಲಿಂದಲೇ ಹೇಳಿದಳು: "ನೀವು ಹೇಳೋದು ಖರೇ ಐತ್ರಿ. ನಾ ಬಾವಿ ಕಟ್ಟಿ ಹತ್ತಂಗಿಲ್ಲ, ನೀರು ಮುಟ್ಟಂಗಿಲ್ಲ." ಒಡತಿ ಸ್ವಲ್ಪ ಹೊತ್ತು ಅವಳ ಕಾಲನ್ನು, ಮುಖವನ್ನು ನೋಡಿ ಒಳಗೆ ಹೋದಳು. ಇರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅಷ್ಟೂ ದಿನ ಸಾಯಬಮ್ಮನೇ ಮೂವರಿಗೂ ನೀರು ಸೇದಿದಳು. ಕಚೇರಿಗೆ ಹೋಗುವ ಮೊದಲು ಸೇದಿ, ಬಂದ ಮೇಲೆ ಮತ್ತೆ ಸೇದಿ, ಅಂಗೈ ಬೊಬ್ಬೆ ಎದ್ದಾಗ ಅದಕ್ಕೆ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದಳು.

ಕನ್ನಡದ ಪರೀಕ್ಷೆಯ ದಿನ ಕಾಲು ಬಾತಿದ್ದರೂ ಜ್ವರ ಇರಲಿಲ್ಲ. ಸಾಯಬಮ್ಮ ಅವಳನ್ನು ಸೈಕಲ್ ರಿಕ್ಷಾದಲ್ಲಿ ಹೈಸ್ಕೂಲಿಗೆ ಬಿಟ್ಟಳು. ಕೋಣೆಯಲ್ಲಿದ್ದವರೆಲ್ಲ ಅವಳಿಗಿಂತ ಹತ್ತು ವರ್ಷ ಸಣ್ಣವರು. ಹುಣ್ಣಿನ ವಾಸನೆಗೆ ಪಕ್ಕದ ಹುಡುಗಿ ಮೂಗಿಗೆ ಸೆರಗು ಹಿಡಿದಳು. ಮೇಲ್ವಿಚಾರಣೆಗೆ ಬಂದಿದ್ದ ಮಾಸ್ತರರು ಒಂದು ಮುರಿದ ಬೆಂಚನ್ನು ಎಳೆದು ತಂದು ಅವಳ ಕಾಲಿನ ಕೆಳಗೆ ಇಟ್ಟರು. ಅವಳು ಬರೆದಳು. ಚೆನ್ನಾಗಿಯೇ ಬರೆದಳು.

ಗಣಿತದ ದಿನಕ್ಕೆ ಜ್ವರ ಏರಿತ್ತು. ಕಾಲು ಮೊಣಕಾಲತನಕ ಕೆಂಪಾಗಿ ಗಡುಸಾಗಿತ್ತು. ಪ್ರಶ್ನೆಗಳನ್ನು ಓದಿದರೆ ಅಂಕಿಗಳು ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಬಂದದ್ದನ್ನು ಬರೆದು, ತಲೆ ಬೆಂಚಿಗೆ ಇಟ್ಟು ಮಲಗಿದಳು. ಗಂಟೆ ಹೊಡೆದಾಗ ಮಾಸ್ತರರು ಮುಟ್ಟಿ ಎಬ್ಬಿಸಿದರು. ಅಂದು ಸಾಯಬಮ್ಮ ಅವಳನ್ನು ಅಲ್ಲಿಂದ ನೇರ ದವಾಖಾನೆಗೆ ಒಯ್ದಳು. ಡಾಕ್ಟರರು ಹುಣ್ಣನ್ನು ಕೊಯ್ದು ಕೀವು ತೆಗೆದು, ಸೂಜಿ ಮಾಡಿ, ಈ ಕಾಲಿಟ್ಟುಕೊಂಡು ಪರೀಕ್ಷೆ ಬರೆಯಲು ಕಳಿಸಿದ್ದು ಯಾರೆಂದು ಸಿಟ್ಟಾಗಿ ಕೇಳಿದರು. ಭೀಮವ್ವ ತಾನೇ ಎಂದಳು. ಅವರು ಮುದುಕಿಯ ಕಾಲಿನ ಕಲೆಗಳನ್ನು ನೋಡಿ, ದಿನಾ ಬಂದು ಪಟ್ಟಿ ಕಟ್ಟಿಸಿಕೊಳ್ಳಲು ಹೇಳಿದರು.

ಆ ಸಂಜೆ ಕೋಲಿಯಲ್ಲಿ ದೇವಕಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿ, ಇನ್ನು ಸಾಕು, ಗಣಿತ ಹೋಯಿತು, ಉಳಿದದ್ದು ಬರೆದೇನು ಫಲ ಎಂದಳು. ಭೀಮವ್ವ ಗಂಜಿ ಕಾಸಿ ಕೊಟ್ಟಳು. ಸಾಯಬಮ್ಮ ಕಂದೀಲಿನ ಗಾಜು ಒರೆಸುತ್ತ ಹೇಳಿದಳು: "ಹೋದದ್ದು ಒಂದ. ಅದೊಂದನ್ನ ಅಕ್ಟೋಬರ್‌ದಾಗ ಬರಿಯಾಕ ಬರ್ತೈತಿ. ಈಗ ಬಿಟ್ರ ಎಲ್ಲಾನೂ ಬರೀಬೇಕಾಗ್ತೈತಿ. ನಾ ಮತ್ತ ಇಷ್ಟು ನೀರು ಸೇದಾಕ ಆಗಂಗಿಲ್ಲ, ದೇವಕಮ್ಮ." ದೇವಕಮ್ಮ ಎದ್ದು ಕುಳಿತು ವಿಜ್ಞಾನದ ಪುಸ್ತಕ ಕೇಳಿದಳು.

ಉಳಿದ ಪರೀಕ್ಷೆಗಳನ್ನು ಅವಳು ಹೇಗೆ ಬರೆದಳೋ ಆಮೇಲೆ ಅವಳಿಗೇ ನೆನಪಿರಲಿಲ್ಲ. ಊರಿಗೆ ಮರಳುವಾಗ ಬಸ್ಸಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಹುಣ್ಣು ಮಾಯಲು ಮಳೆಗಾಲ ಹಿಡಿಯಿತು. ಹರಡಿನ ಕೀಲು ಪೂರ್ತಿ ಮಡಚದೆ, ನಡೆಯುವಾಗ ಸ್ವಲ್ಪ ಎಳೆಯುವುದು ಉಳಿಯಿತು.

ಫಲಿತಾಂಶ ಬಂದಾಗ ಗಣಿತವೊಂದು ಹೋಗಿತ್ತು, ಉಳಿದವು ಪಾಸಾಗಿದ್ದವು. ಗುರಪ್ಪ ಮತ್ತೆ ಸುರಪುರಕ್ಕೆ ಹೋಗಿ, ನಪಾಸಾದವಳನ್ನು ಇಟ್ಟುಕೊಂಡು ಪಾಸಾದವಳನ್ನು ಬಿಡುವುದು ಯಾವ ನ್ಯಾಯ ಎಂದು ಕೇಳಿದ. ಸಾಯಬಮ್ಮ ಅಕ್ಟೋಬರ್‌ತನಕ ಕಾಯಿರಿ ಎಂದಳು. ದೇವಕಮ್ಮ ಮಧ್ಯಾಹ್ನ ಹೊತ್ತು ಹೈಸ್ಕೂಲಿನ ಹುಡುಗನೊಬ್ಬನ ಮುಂದೆ ಕೂತು ಲೆಕ್ಕ ಹೇಳಿಸಿಕೊಂಡಳು. ಅಕ್ಟೋಬರಿನಲ್ಲಿ ಒಬ್ಬಳೇ ಬಸ್ಸು ಹತ್ತಿ ಹೋಗಿ ಬರೆದು ಬಂದಳು. ಪಾಸಿಗೆ ಎಷ್ಟು ಬೇಕೋ ಅಷ್ಟಕ್ಕೆ ಪಾಸಾದಳು. ಸುದ್ದಿ ಬಂದಾಗ ಅವಳು ಉಪ್ಪಿಟ್ಟಿನ ಪಾತ್ರೆ ತಿಕ್ಕುತ್ತಿದ್ದಳು, ತಿಕ್ಕಿ ಮುಗಿಸಿದಳು. ಅವಳ ನೌಕರಿ ಕಾಯಂ ಆಗಲು ಮತ್ತೂ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಸಾಯಬಮ್ಮನಿಗೆ ಯಾದಗಿರಿಯ ಕಡೆ ವರ್ಗವಾಗಿ ಹೋಗಿತ್ತು.

ಮುಂದಿನ ಬೇಸಿಗೆಯಲ್ಲೂ ಕೇರಿಯಲ್ಲಿ ನಾರು ಎದ್ದಿತು, ಆದರೆ ಮೊದಲಿನಷ್ಟಲ್ಲ. ಅದರ ಮುಂದಿನ ವರ್ಷ ಕೇರಿಗೆ ಬೋರಿಂಗ್ ಹಾಕಿದರು, ಮೆಟ್ಟಿಲ ಬಾವಿಗೆ ಮುಳ್ಳುಕಂಟಿ ಹಚ್ಚಿದರು. ಅದರ ನಂತರ ಎದ್ದದ್ದು ಎರಡೇ ಮನೆಯಲ್ಲಿ.

ಮರಿಲಿಂಗಮ್ಮನನ್ನು ಮೇಸ್ತ್ರಿ ಮತ್ತೆ ಕರೆಯಲಿಲ್ಲ. ಅವಳು ಒಂದು ವರ್ಷ ಹತ್ತಿ ಬಿಡಿಸಿ, ಕಳೆ ತೆಗೆದು ಹೇಗೋ ದಿನ ದೂಡಿದಳು. ದೇವಕಮ್ಮ ಅವಳ ಮುಖ ನೋಡುವಾಗಲೆಲ್ಲ ತಲೆ ತಗ್ಗಿಸುತ್ತಿದ್ದಳು. ಅಯ್ಯಮ್ಮನ ಮೊಣಕಾಲು ನೆಟ್ಟಗಾಗಲೇ ಇಲ್ಲ. ಅವಳು ಕೆಲಸ ಬಿಟ್ಟಾಗ ದೇವಕಮ್ಮ ಸಾಯಬಮ್ಮನ ಹಿಂದೆ ಬಿದ್ದು ಸಹಾಯಕಿಯ ಜಾಗಕ್ಕೆ ಮರಿಲಿಂಗಮ್ಮನನ್ನು ತಂದಳು. ಸಾಯಬಮ್ಮ ಸುರಪುರ ಬಿಡುವ ಮೊದಲು ಮಾಡಿದ ಕಡೆಯ ಕೆಲಸಗಳಲ್ಲಿ ಅದೊಂದು. ಆಮೇಲೆ ಒಂದು ದಿನ, ನೀನೂ ಏಳನೆಯದನ್ನು ಕಟ್ಟು, ನಾನು ಹೇಳಿಕೊಡುತ್ತೇನೆ ಎಂದು ದೇವಕಮ್ಮ ಹೇಳಿದಳು. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಮರಿಲಿಂಗಮ್ಮ ಚಾವಡಿ ಕಸ ಗುಡಿಸುತ್ತಿದ್ದಳು.

"ನನ್ನ ಮಗಳಿಗೆ ಹೇಳಿಕೊಡು. ಆಕಿ ಸಾಲಿ ಬಿಟ್ಟಿಲ್ಲ, ಅಷ್ಟು ಸಾಕು" ಎಂದಳು. ಕಸ ಬುಟ್ಟಿಗೆ ತುಂಬಿ, ಸೊಂಟ ಹಿಡಿದು ನೆಟ್ಟಗಾಗಿ, "ನಂದು ಆಮೇಲೆ ನೋಡೋಣಂತ. ಇವತ್ತ ಬ್ಯಾಡ" ಎಂದಳು.

ದೇವಕಮ್ಮ ಒತ್ತಾಯ ಮಾಡಲಿಲ್ಲ. ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಚಾವಡಿಯ ಬಾಗಿಲು ಹಾಕಿದಳು. ಇಬ್ಬರೂ ನಿಧಾನಕ್ಕೆ ಕೇರಿಯ ಕಡೆ ನಡೆದರು.